ಮರ ನಿಂತಲ್ಲಿ ಮನೆ: ಟಾಂಜಾನಿಯದ ಉಜಾಮಾ ಗ್ರಾಮಗಳ ಕಥೆ

ಅಡಿಕೆ ಸಸಿ ನೆಟ್ಟವನು ಮೊದಲ ಗೊನೆ ಕಾಣಲು ಐದಾರು ವರ್ಷ ಕಾಯಬೇಕು. ಕಾಫಿ ಗಿಡ ಮೂರು ನಾಲ್ಕು ವರ್ಷ ಕೇಳುತ್ತದೆ. ಹೊಲದವನು ಈ ವರ್ಷ ಇಲ್ಲಿ, ಮುಂದಿನ ವರ್ಷ ಬೇರೆ ಕಡೆ ಬಿತ್ತಿ ಬೆಳೆದಾನು. ತೋಟಗಾರನು ಮಾತ್ರ ನೆಟ್ಟ ಜಾಗ ಬಿಟ್ಟು ಕದಲುವಂತಿಲ್ಲ. ಈ ಮಾತನ್ನು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಮೈಲಿ ನಡೆಯಬೇಕಾಗಿ ಬರುವುದಕ್ಕೂ ಇದೇ ಕಾರಣ. ಇಲ್ಲಿ ಮನೆ ಕಟ್ಟುವಾಗ ನೆರೆಮನೆಗಿಂತ ಮೊದಲು ತೋಟವನ್ನೂ ನೀರನ್ನೂ ನೋಡುತ್ತಾರೆ.

ಹೀಗೆ ಚದುರಿ ಬಾಳುತ್ತಿದ್ದ ಒಂದು ಇಡೀ ದೇಶದ ರೈತರನ್ನು ಮೂರು ನಾಲ್ಕು ವರ್ಷಗಳಲ್ಲಿ ಎಬ್ಬಿಸಿ, ಸಾಲುಮನೆಗಳ ಹೊಸ ಗ್ರಾಮಗಳಲ್ಲಿ ಕೂಡಿಸಿದರೆ ಏನಾದೀತು? ಇದು ಊಹೆಯ ಪ್ರಶ್ನೆಯಲ್ಲ. ಪೂರ್ವ ಆಫ್ರಿಕದ ಟಾಂಜಾನಿಯದಲ್ಲಿ 1970ರ ದಶಕದಲ್ಲಿ ಇದು ನಡೆದೇ ಹೋಯಿತು. ಆ ಗ್ರಾಮಗಳಿಗೆ 'ಉಜಾಮಾ' ಗ್ರಾಮಗಳೆಂದು ಹೆಸರು. ಸಾಮೂಹಿಕ ಬೇಸಾಯದ ಕೇಂದ್ರಗಳಾಗಿ ಅವು ಎಂದೋ ಕೊನೆಗೊಂಡಿವೆ. ಆದರೆ ಅವುಗಳ ಗುರುತು ಆ ದೇಶದ ನೆಲದ ಮೇಲೆಯೂ ಕಾನೂನಿನ ಪುಸ್ತಕದಲ್ಲಿಯೂ ಇಂದಿಗೂ ಉಳಿದಿದೆ. ಅದರಿಂದ ನಾವು ತಿಳಿಯಬೇಕಾದ್ದು ಬಹಳವಿದೆ.

ಅಷ್ಟು ದೂರದ ದೇಶದ ಸಂಗತಿ ನಮಗೇಕೆ ಎಂದು ಕೇಳುವವರಿಗೆ ಒಂದೆರಡು ನಂಟುಗಳನ್ನು ಹೇಳುತ್ತೇವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಆಯ್ಕೆಯಾದ ಕೆಂಟ್ಸ್ ಅರೇಬಿಕ ತಳಿ ಕಡಲು ದಾಟಿ ಟಾಂಜಾನಿಯದ ಗುಡ್ಡಗಳಲ್ಲಿ ಬೇರುಬಿಟ್ಟಿತು. ನಮ್ಮ ತೋಟಗಳಲ್ಲಿ ನೆರಳಿಗೆ ನಿಂತಿರುವ ಸಿಲ್ವರ್ ಓಕ್ ಮರವೇ ಕಿಲಿಮಂಜಾರೋ ಪರ್ವತದ ಕಾಫಿಗೂ ನೆರಳು ಕೊಡುತ್ತಿದೆ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಿಗೆ ಪೂರ್ವ ಆಫ್ರಿಕದಿಂದ ಹಡಗಿನಲ್ಲಿ ಬೀಜ ಬರುವುದು ಬಹು ಹಳೆಯ ವ್ಯಾಪಾರ. ಅಲ್ಲಿಯ ಬೆಳೆಗಾರರೂ ನಮ್ಮಂತೆ ತುಂಡು ಹಿಡುವಳಿಯವರು, ನಮ್ಮಂತೆ ಸಹಕಾರ ಸಂಘ ಕಟ್ಟಿದವರು.

ಮೊದಲಿನ ಊರು ಹೇಗಿತ್ತು

ಟಾಂಜಾನಿಯದ ಬಯಲು ನಾಡಿನಲ್ಲಿ ನಾವು ಊರೆಂದು ಕರೆಯುವಂಥ ಗುಂಪುಮನೆಗಳು ಹಿಂದೆ ಕಡಿಮೆ. ಮಳೆ ಅನಿಶ್ಚಿತ, ಮಣ್ಣು ಬಡವು. ಒಂದು ಕುಟುಂಬವು ತಗ್ಗಿನಲ್ಲಿ ಒಂದು ತುಂಡು, ದಿಬ್ಬದಲ್ಲಿ ಒಂದು ತುಂಡು ಬೇಸಾಯ ಮಾಡಿ, ಮಣ್ಣು ಸೋತರೆ ಕೆಲ ವರ್ಷ ಪಾಳು ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಮಳೆ ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಕೈಹಿಡಿಯಲಿ ಎಂಬುದು ಲೆಕ್ಕಾಚಾರ. ಮನೆಯ ಸುತ್ತ ಮಾವು, ಹೊಲದಂಚಿನಲ್ಲಿ ಮನೆತನದ ಸಮಾಧಿ. ಇವೇ ಜಮೀನಿನ ಹಕ್ಕುಪತ್ರ.

ತೋಟದ ಸೀಮೆಗಳ ರೀತಿ ಬೇರೆ. ಕಿಲಿಮಂಜಾರೋದ ದಕ್ಷಿಣ ಇಳಿಜಾರಿನಲ್ಲಿ ಚಾಗ್ಗಾ ಜನರು ಮನೆಯ ಸುತ್ತಲೇ ತೋಟ ಮಾಡುತ್ತಾರೆ. ಅದಕ್ಕೆ 'ಕಿಹಂಬಾ' ಎಂದು ಹೆಸರು. ಮೇಲೆ ನೆರಳಿನ ಮರ, ಅದರ ಕೆಳಗೆ ಬಾಳೆ, ಬಾಳೆಯ ಕೆಳಗೆ ಕಾಫಿ, ನೆಲದಲ್ಲಿ ಗೆಡ್ಡೆ ಮತ್ತು ತರಕಾರಿ. ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ಹಸು, ಅದರ ಗೊಬ್ಬರ ಬಾಳೆಯ ಬುಡಕ್ಕೆ. ಪರ್ವತದ ತೊರೆಗಳಿಂದ 'ಮ್ಫೋಂಗೊ' ಎಂಬ ತೋಡುಗಳನ್ನು ತೆಗೆದು ಸರದಿಯ ಮೇಲೆ ನೀರು ಹಂಚಿಕೊಳ್ಳುತ್ತಾರೆ. ತೋಡಿನ ಹೂಳೆತ್ತಲು ನೀರು ಬಳಸುವವರೆಲ್ಲ ಸೇರಬೇಕು. ನಮ್ಮ ಅಡಿಕೆ ತೋಟದ ಸದಸ್ಯರಿಗೆ ಇದನ್ನು ಓದುವಾಗ ತಮ್ಮದೇ ಕಾಲುವೆ, ತಮ್ಮದೇ ಕಟ್ಟ ಕಣ್ಣಮುಂದೆ ಬಂದೀತು.

ವಿಕ್ಟೋರಿಯ ಸರೋವರದ ಪಶ್ಚಿಮಕ್ಕೆ, ಬುಕೋಬಾ ಸೀಮೆಯ ಹಾಯಾ ಜನರದ್ದೂ ಇದೇ ಕ್ರಮ. ಅವರ ಬಾಳೆ-ಕಾಫಿ ತೋಟಕ್ಕೆ 'ಕಿಬಂಜಾ' ಎನ್ನುತ್ತಾರೆ. ಅವರು ಬೆಳೆಯುವುದು ಹೆಚ್ಚಾಗಿ ರೊಬಸ್ಟ. ಯುರೋಪಿನವರು ಬರುವ ಮೊದಲೇ ಅಲ್ಲಿ ಕಾಫಿ ಇತ್ತು. ಹಣ್ಣನ್ನು ಬೇಯಿಸಿ ಒಣಗಿಸಿ, ನಾವು ಎಲೆ ಅಡಿಕೆ ಕೊಡುವಂತೆ ಅತಿಥಿಗೆ ಜಗಿಯಲು ಕೊಡುತ್ತಿದ್ದರು.

ಸ್ವಂತ ಮನಸ್ಸಿನಿಂದ ಕಟ್ಟಿದ ಗ್ರಾಮಗಳು

1961ರಲ್ಲಿ ಟ್ಯಾಂಗನ್ಯಿಕಾ ಸ್ವತಂತ್ರವಾಯಿತು. 1964ರಲ್ಲಿ ಜಾಂಜಿಬಾರ್ ದ್ವೀಪವನ್ನು ಕೂಡಿಕೊಂಡು ಟಾಂಜಾನಿಯವಾಯಿತು. ಅದರ ನಾಯಕರಾದ ಜೂಲಿಯಸ್ ನೈರೇರೆಯವರು ಮೊದಲು ಉಪಾಧ್ಯಾಯರಾಗಿದ್ದವರು, ಸರಳ ಜೀವಿ. ಚದುರಿದ ಜನಕ್ಕೆ ಶಾಲೆ, ಆಸ್ಪತ್ರೆ, ನಲ್ಲಿ ನೀರು ಒದಗಿಸುವುದು ಬಡ ಸರಕಾರಕ್ಕೆ ಸಾಧ್ಯವಿಲ್ಲ, ಆದ್ದರಿಂದ ಜನರು ಗ್ರಾಮಗಳಾಗಿ ಕೂಡಿ ಬಾಳಬೇಕೆಂದು ಅವರು 1962ರಿಂದಲೇ ಹೇಳುತ್ತ ಬಂದರು. ಸ್ವಾಹಿಲಿ ಭಾಷೆಯಲ್ಲಿ 'ಉಜಾಮಾ' ಎಂದರೆ ಒಂದೇ ಕುಟುಂಬದವರೆಂಬ ಭಾವ. 1967ರ ಫೆಬ್ರವರಿಯ ಅರೂಷಾ ಘೋಷಣೆಯಿಂದ ಅದು ದೇಶದ ನೀತಿಯಾಯಿತು. ಗ್ರಾಮದಲ್ಲಿ ಕೂಡಿ ನೆಲೆಸುವುದು, ಸಾಮೂಹಿಕ ಹೊಲದಲ್ಲಿ ದುಡಿಯುವುದು, ಬಂದದ್ದನ್ನು ದುಡಿಮೆಗೆ ತಕ್ಕಂತೆ ಹಂಚಿಕೊಳ್ಳುವುದು ಅದರ ತಿರುಳು. ಇದು ಒತ್ತಾಯದಿಂದ ಆಗುವ ಕೆಲಸವಲ್ಲವೆಂದು ಆ ವರ್ಷ ನೈರೇರೆಯವರೇ ಸ್ಪಷ್ಟವಾಗಿ ಬರೆದಿದ್ದರು.

ಈ ಮಾತಿಗೆ ನಿದರ್ಶನವೂ ಇತ್ತು. ದಕ್ಷಿಣದ ಸೊಂಗೇಯಾ ಜಿಲ್ಲೆಯ ಲಿಟೋವಾ ಎಂಬಲ್ಲಿ 1960ರಲ್ಲಿ ಕೆಲ ಯುವಕರು ಕಾಡು ಕಡಿದು ಗ್ರಾಮ ಕಟ್ಟತೊಡಗಿದ್ದರು. ಸರಕಾರದ ಯೋಜನೆಯಿರಲಿಲ್ಲ, ಟ್ರಾಕ್ಟರಿರಲಿಲ್ಲ. ಆರಂಭದಲ್ಲಿ ಸೋತರು, ಹಲವರು ಬಿಟ್ಟುಹೋದರು. ಉಳಿದವರು ಪಟ್ಟುಬಿಡದೆ ಜೋಳ ಬೆಳೆದರು. ಕ್ರಮೇಣ ಸುತ್ತಲಿನ ಹಳ್ಳಿಗಳೂ ಸೇರಿ ರುವುಮಾ ಅಭಿವೃದ್ಧಿ ಸಂಘವಾಯಿತು. 1969ರ ಹೊತ್ತಿಗೆ ಅದರಲ್ಲಿ 17 ಗ್ರಾಮಗಳಿದ್ದವು. ಅವು ತಮ್ಮದೇ ಹಿಟ್ಟಿನ ಗಿರಣಿ, ಮರ ಕೊಯ್ಯುವ ಗಿರಣಿ ನಡೆಸುತ್ತಿದ್ದವು. ಬೇಸಾಯವನ್ನೂ ಕಲಿಸುವ ಶಾಲೆ ಲಿಟೋವಾದಲ್ಲಿತ್ತು. ಯಾವ ಕೆಲಸ, ಯಾರು, ಎಷ್ಟು ಎಂಬುದನ್ನು ಗ್ರಾಮಸಭೆಯೇ ತೀರ್ಮಾನಿಸುತ್ತಿತ್ತು.

ಅಂಥ ಸಂಘವನ್ನು 1969ರ ಸೆಪ್ಟೆಂಬರಿನಲ್ಲಿ ಆಳುವ ಪಕ್ಷವೇ ವಿಸರ್ಜಿಸಿ, ಅದರ ಆಸ್ತಿಯನ್ನು ವಶಪಡಿಸಿಕೊಂಡಿತು. ತನ್ನ ಕಾಲ ಮೇಲೆ ನಿಂತು, ತನ್ನ ಲೆಕ್ಕ ತಾನೇ ನೋಡಿಕೊಳ್ಳುವ ಸಂಸ್ಥೆ ಮೇಲಿನವರ ಮಾತು ಕೇಳದೆ ಹೋದೀತೆಂಬ ಸಂಶಯ ಅಧಿಕಾರದಲ್ಲಿದ್ದವರಿಗೆ ಬಂದಿತ್ತು. ಉಜಾಮಾ ಎಂಬ ಮಾತಿಗೆ ಅತ್ಯಂತ ಹತ್ತಿರವಿದ್ದ ಗ್ರಾಮಗಳು ಉಜಾಮಾದ ಹೆಸರಿನಲ್ಲೇ ಮುಚ್ಚಿಹೋದವು.

ಅಪ್ಪಣೆಯಿಂದ ಕಟ್ಟಿದ ಗ್ರಾಮಗಳು

ಇಚ್ಛೆಯಿಂದ ಗ್ರಾಮ ಸೇರುವವರ ಸಂಖ್ಯೆ ನಿರೀಕ್ಷಿಸಿದಂತೆ ಏರಲಿಲ್ಲ. 1973ರ ವೇಳೆಗೆ ಸುಮಾರು 20 ಲಕ್ಷ ಜನ ಇಂಥ ಗ್ರಾಮಗಳಲ್ಲಿದ್ದರು. ಅದರಲ್ಲಿ ಎಷ್ಟೋ ಮಂದಿ ನೆರೆಹಾವಳಿ, ಬರಗಳ ನಂತರದ ಕಾರ್ಯಾಚರಣೆಗಳಲ್ಲಿ ಬಂದವರು. ಆ ವರ್ಷದ ಕೊನೆಯಲ್ಲಿ ಧ್ವನಿ ಬದಲಾಯಿತು. 1976 ಮುಗಿಯುವುದರೊಳಗೆ ಹಳ್ಳಿಗಾಡಿನವರೆಲ್ಲ ಗ್ರಾಮಗಳಲ್ಲಿ ನೆಲೆಸಬೇಕೆಂದು ಆಜ್ಞೆ ಹೊರಟಿತು. ಇದಕ್ಕೆ 'ಆಪರೇಷನ್ ವಿಜಿಜಿ', ಅಂದರೆ ಗ್ರಾಮಗಳ ಕಾರ್ಯಾಚರಣೆ, ಎಂದು ಹೆಸರಾಯಿತು.

ಜಿಲ್ಲೆಯ ಅಧಿಕಾರಿಗಳು ನಕಾಶೆಯ ಮೇಲೆ ಜಾಗ ಗುರುತು ಮಾಡಿದರು. ಲಾರಿಗಳು ಬಂದವು, ಸೈನಿಕರೂ ಸ್ವಯಂಸೇವಕ ಪಡೆಯವರೂ ಬಂದರು. ಕೆಲವು ಕಡೆ ಜನ ಸುಮ್ಮನೆ ಸಾಮಾನು ಏರಿಸಿದರು. ಮತ್ತೆ ಕೆಲವು ಕಡೆ, ತಿರುಗಿ ಬಾರದಂತೆ ಹಳೆಯ ಮನೆಗಳ ಮಾಡು ಕಿತ್ತರು, ಬೆಂಕಿ ಇಟ್ಟರು. 1975ರ ಗ್ರಾಮ ಕಾಯಿದೆಯು 250ಕ್ಕೆ ಕಡಿಮೆಯಿಲ್ಲದಷ್ಟು ಒಕ್ಕಲು ಇರುವಲ್ಲಿ ಗ್ರಾಮವನ್ನು ನೋಂದಾಯಿಸಿ, ಅದಕ್ಕೆ ಗ್ರಾಮಸಭೆಯನ್ನೂ 25 ಜನರ ಗ್ರಾಮ ಸಮಿತಿಯನ್ನೂ ಕೊಟ್ಟಿತು. ಕೊನೆಗೆ ಸರಕಾರದ ಲೆಕ್ಕದಲ್ಲಿ 1 ಕೋಟಿ 30 ಲಕ್ಷದಷ್ಟು ಜನ ಏಳು ಸಾವಿರಕ್ಕೂ ಹೆಚ್ಚು ಗ್ರಾಮಗಳಲ್ಲಿದ್ದರು. ಇವರೆಲ್ಲರೂ ಮನೆ ಬಿಟ್ಟವರಲ್ಲ. ಇದ್ದಲ್ಲೇ ಗ್ರಾಮವೆಂದು ಬರೆಸಿಕೊಂಡವರೂ ಬಹಳ. ಆದರೂ ಎದ್ದು ಹೋದವರ ಸಂಖ್ಯೆ ಹಲವು ಲಕ್ಷಗಳದ್ದು.

ಹೊಸ ಗ್ರಾಮ ನೋಡಲು ಅಚ್ಚುಕಟ್ಟು. ಮೋಟಾರು ರಸ್ತೆಯ ಎರಡು ಬದಿಗೂ ಗೆರೆ ಹಾಕಿದಂತೆ ಮನೆಗಳು. ನಡುವೆ ಪಕ್ಷದ ಕಚೇರಿ, ಶಾಲೆ, ಅಂಗಡಿ. ಹತ್ತು ಮನೆಗೊಬ್ಬ ಮುಖಂಡ. ಗ್ರಾಮದ ಜಾಗವನ್ನು ಆರಿಸುವಾಗ ಲಾರಿ ಹೋಗುವ ದಾರಿಯನ್ನು ನೋಡಿದಷ್ಟು ಮಣ್ಣನ್ನು ನೋಡಲಿಲ್ಲ. ಮನೆಗೆ ಹತ್ತಿರದ ನೆಲವನ್ನೇ ಎಲ್ಲರೂ ವರ್ಷ ವರ್ಷ ಉಳಬೇಕಾಗಿ ಬಂದು ಅದು ಸವೆಯಿತು. ಸೌದೆಗೆ ದೂರ ಹೋಗಬೇಕಾಯಿತು. ಹಳೆಯ ಹೊಲಕ್ಕೆ ಹಲವು ಮೈಲಿ ನಡೆದು ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ಹಂದಿ, ಮಂಗಗಳನ್ನು ಕಾಯಲು ರಾತ್ರಿ ಅಲ್ಲಿ ಯಾರೂ ಇರಲಿಲ್ಲ. ಇದೇ ವರ್ಷಗಳಲ್ಲಿ ಮಳೆಯೂ ಕೈಕೊಟ್ಟು, ದೇಶವು ಹೊರಗಿನಿಂದ ಧಾನ್ಯ ತರಿಸಿಕೊಳ್ಳಬೇಕಾಯಿತು. ಸಾಮೂಹಿಕ ಹೊಲಗಳಂತೂ ಹೆಸರಿಗೆ ಉಳಿದವು. ಜನ ತಮ್ಮ ತುಂಡು ನೆಲಕ್ಕೆ ಬೆವರು ಸುರಿಸಿ, ಸಾಮೂಹಿಕ ಹೊಲಕ್ಕೆ ಹಾಜರಿ ಹಾಕಿ ಬಂದರು.

ಗೇರು ಮರಗಳ ಸಾಕ್ಷಿ

ಮರಬೆಳೆಯವರಿಗೆ ಇದರಿಂದ ಏನಾಯಿತೆಂಬುದಕ್ಕೆ ದಕ್ಷಿಣದ ಮ್ಟ್ವಾರಾ, ಲಿಂಡಿ ಸೀಮೆಗಳು ಸಾಕ್ಷಿ. ಅಲ್ಲಿ ಗೇರು ಮುಖ್ಯ ಬೆಳೆ. 1973-74ರಲ್ಲಿ ಟಾಂಜಾನಿಯದ ಗೇರುಬೀಜದ ಫಸಲು 1,45,000 ಟನ್ನಿನಷ್ಟಿತ್ತು. ಜಗತ್ತಿನ ಮೊದಲ ಸಾಲಿನ ಬೆಳೆಗಾರ ದೇಶಗಳಲ್ಲಿ ಅದೂ ಒಂದು. ಹದಿಮೂರು ವರ್ಷಗಳ ನಂತರ, 1986-87ರಲ್ಲಿ ಅದು 17,000 ಟನ್ನಿನ ಆಸುಪಾಸಿಗೆ ಇಳಿಯಿತು. ಎಂಟರಲ್ಲಿ ಒಂದು ಪಾಲು!

ಕಾರಣ ಒಂದೇ ಅಲ್ಲ. ಎಳೆ ಚಿಗುರು ಮತ್ತು ಹೂವಿಗೆ ಬೂದಿ ರೋಗ ತಗಲಿತು. ಸರಕಾರಿ ಮಂಡಲಿ ಕೊಡುವ ಬೆಲೆ ಬೆಳೆಗಾರನಿಗೆ ಗಿಟ್ಟದಾಯಿತು. ಆದರೆ ಈ ಎರಡರ ಜೊತೆಗೆ ಮೂರನೆಯದೂ ಇತ್ತು: ಮನೆಯವರು ರಸ್ತೆ ಬದಿಗೆ ಹೋದರು, ಮರಗಳು ಹಿಂದೆ ಉಳಿದವು. ಗೇರಿನ ಬುಡ ಸವರದೆ ಬಿಟ್ಟರೆ ಬಿದ್ದ ಬೀಜ ಹುಲ್ಲಿನಲ್ಲಿ ಕಾಣುವುದಿಲ್ಲ. ಹುಲ್ಲು ಬೆಳೆದಲ್ಲಿ ಬೆಂಕಿಯೂ ಬೀಳುತ್ತದೆ. ಐದಾರು ಮೈಲಿ ದೂರದ ಮರದ ರೋಗವನ್ನು ಬೆಳೆಗಾರನು ಕಾಣುವಷ್ಟರಲ್ಲಿ ಹೂವು ಕರಕಾಗಿರುತ್ತದೆ. ಬೆಲೆ ಇಲ್ಲದ ಬೆಳೆಗಾಗಿ ಅಷ್ಟು ದೂರ ನಡೆಯುವವರಾದರೂ ಯಾರು? ತೋಟಗಾರನ ಹೆಜ್ಜೆಯೇ ತೋಟಕ್ಕೆ ಗೊಬ್ಬರ ಎಂಬ ಅನುಭವಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಮುಂದೆ ಮ್ಟ್ವಾರಾ ಬಳಿಯ ನಲಿಯೆಂಡೆಲೆ ಸಂಶೋಧನಾ ಕೇಂದ್ರದವರು ಗಂಧಕದ ಪುಡಿಯಿಂದ ಬೂದಿ ರೋಗವನ್ನು ಹತೋಟಿಗೆ ತರುವ ಕ್ರಮವನ್ನೂ ಒಳ್ಳೆಯ ಸಸಿಗಳನ್ನೂ ಕೊಟ್ಟರು. ಜನರೂ ಮೆಲ್ಲನೆ ಹಳೆಯ ನೆಲಕ್ಕೆ ಮರಳಿ ಮರಗಳನ್ನು ಬಿಡಿಸಿಕೊಂಡರು. 2017-18ರ ಫಸಲು 3 ಲಕ್ಷ ಟನ್ ದಾಟಿತು. ಮರಕ್ಕೆ ತಾಳ್ಮೆ ಹೆಚ್ಚು; ಒಡೆಯನು ಬರುವವರೆಗೆ ಕಾದಿತ್ತು.

ಕಾಫಿಯವರು ಕದಲಲಿಲ್ಲ, ಸಂಘ ಕದಲಿತು

ಕಿಲಿಮಂಜಾರೋದಲ್ಲಿಯೂ ಬುಕೋಬಾದಲ್ಲಿಯೂ ಅಧಿಕಾರಿಗಳು ಬಹುಮಟ್ಟಿಗೆ ಮನೆಗಳನ್ನು ಕೀಳುವ ಗೋಜಿಗೆ ಹೋಗಲಿಲ್ಲ. ಅಂಗೈಯಗಲ ಜಾಗವೂ ಖಾಲಿ ಇಲ್ಲದ ತೋಟದ ನಾಡಿನಲ್ಲಿ ಹೊಸ ಗ್ರಾಮ ಕಟ್ಟುವುದಾದರೂ ಎಲ್ಲಿ? ಮೇಲಾಗಿ, ದೇಶಕ್ಕೆ ವಿದೇಶಿ ಹಣ ತರುವ ಬೆಳೆಗಳಲ್ಲಿ ಕಾಫಿ ಮುಖ್ಯವಾದುದು. ಇದ್ದ ಮನೆಗಳ ಸುತ್ತ ಕಾಗದದ ಮೇಲೆ ಗೆರೆ ಎಳೆದು ಗ್ರಾಮವೆಂದು ನೋಂದಾಯಿಸಿದರು. ಮರವೇ ಮನೆಯನ್ನು ಕಾಪಾಡಿತು ಎಂದರೆ ತಪ್ಪಾಗಲಾರದು.

ಆದರೆ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಕಿಲಿಮಂಜಾರೋದ ಸಣ್ಣ ಬೆಳೆಗಾರರು 1925ರಲ್ಲೇ ಸಂಘ ಕಟ್ಟಿದ್ದರು. ಅದರಿಂದ 1933ರಲ್ಲಿ ಹುಟ್ಟಿದ ಕಿಲಿಮಂಜಾರೋ ಸಹಕಾರ ಒಕ್ಕೂಟವು ಆಫ್ರಿಕದ ಅತ್ಯಂತ ಹಳೆಯ ಸಹಕಾರ ಒಕ್ಕೂಟಗಳಲ್ಲೊಂದು. ಮೋಶಿ ಪಟ್ಟಣ ಅದರ ಕೇಂದ್ರ. 1963ರಲ್ಲಿ ಸಹಕಾರ ಶಿಕ್ಷಣದ ಕಾಲೇಜೂ ಅಲ್ಲೇ ಆರಂಭವಾಯಿತು. ದೇಶದಲ್ಲೆಲ್ಲ ಸಹಕಾರ ಸಂಘಗಳು ನಿಷ್ಕಳಂಕವಾಗಿದ್ದವೆಂದು ನಾವು ಹೇಳುವುದಿಲ್ಲ. ಸ್ವಾತಂತ್ರ್ಯದ ನಂತರ ಅವಸರದಲ್ಲಿ ಹುಟ್ಟಿಸಿದ ಎಷ್ಟೋ ಸಂಘಗಳಲ್ಲಿ ಲೆಕ್ಕ ತಪ್ಪಿದ್ದನ್ನೂ ಹಣ ಸೋರಿದ್ದನ್ನೂ 1966ರ ವಿಚಾರಣಾ ಸಮಿತಿ ಎತ್ತಿ ತೋರಿಸಿತ್ತು. ಆದರೆ ಸರಕಾರ ಮಾಡಿದ ಚಿಕಿತ್ಸೆ ರೋಗಕ್ಕಿಂತ ಕಠಿಣವಾಯಿತು. 1976ರಲ್ಲಿ ಸಹಕಾರ ಒಕ್ಕೂಟಗಳನ್ನೆಲ್ಲ ಒಂದೇ ಏಟಿಗೆ ರದ್ದುಮಾಡಿದರು. ಗ್ರಾಮವೇ ಸಹಕಾರ ಸಂಘವೆಂದಾಯಿತು. ಕಾಫಿ ಕೊಳ್ಳುವುದು ಸರಕಾರದ ಕಾಫಿ ಪ್ರಾಧಿಕಾರದ ಕೆಲಸವಾಯಿತು.

1975ರ ಜುಲೈನಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಬೆಲೆ ಜಗತ್ತಿನಲ್ಲೆಲ್ಲ ಮುಗಿಲು ಮುಟ್ಟಿದ್ದನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು. ಆ ಏರಿಕೆಯ ಫಲ ತೆರಿಗೆ, ಪ್ರಾಧಿಕಾರದ ವೆಚ್ಚ ಎಂದು ನಡುವೆಯೇ ಕರಗಿ, ಕಿಲಿಮಂಜಾರೋದ ಬೆಳೆಗಾರನ ಕೈಗೆ ಬರುವ ಪಾಲು ವರ್ಷದಿಂದ ವರ್ಷಕ್ಕೆ ಕುಗ್ಗಿತು. ಅವನು ಕಾಫಿ ಗಿಡ ಕೀಳಲಿಲ್ಲ, ಆರೈಕೆ ನಿಲ್ಲಿಸಿದನು. ಹಳೆಯ ಗಿಡ ಹಳೆಯದಾಗಿಯೇ ಉಳಿಯಿತು, ಬಾಳೆಗೂ ಹಾಲಿಗೂ ಮನಸ್ಸು ತಿರುಗಿತು. ತಪ್ಪು ತಿಳಿದ ಸರಕಾರ 1982ರಲ್ಲಿ ಹೊಸ ಸಹಕಾರ ಕಾಯಿದೆ ತಂದಿತು. ಎರಡು ವರ್ಷಗಳಲ್ಲಿ ಒಕ್ಕೂಟಗಳು ಮತ್ತೆ ಬಾಗಿಲು ತೆರೆದವು. ಬಾಗಿಲು ತೆರೆದ ಮಾತ್ರಕ್ಕೆ ಹಳೆಯ ನಂಬಿಕೆ ಮರಳುವುದಿಲ್ಲ. ಸದಸ್ಯರು ಅರ್ಧ ಶತಮಾನದಲ್ಲಿ ಕೂಡಿಸಿದ ವಿಶ್ವಾಸವನ್ನು ಮತ್ತೆ ಮೊದಲಿನಿಂದ ಕೂಡಿಸಬೇಕಾಯಿತು.

ಇಂದು ಉಳಿದಿರುವುದು

ಉಜಾಮಾದಿಂದ ಕೇಡೇ ಆಯಿತೆನ್ನುವುದೂ ನ್ಯಾಯವಲ್ಲ. ಕೂಡಿ ನೆಲೆಸಿದಲ್ಲಿ ಶಾಲೆ ಬಂತು, ಔಷಧಾಲಯ ಬಂತು. 1967ರಲ್ಲಿ ದೊಡ್ಡವರಲ್ಲಿ ಮೂರರಲ್ಲೊಬ್ಬರಿಗೆ ಮಾತ್ರ ಓದು ಬರಹ ಬರುತ್ತಿತ್ತು. 1980ರ ದಶಕದ ನಡುವಿನ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಂದಿ ಅಕ್ಷರಸ್ಥರೆಂದು ಸರಕಾರ ಲೆಕ್ಕ ಕೊಟ್ಟಿತು. ನೂರಕ್ಕೂ ಮಿಕ್ಕ ಬುಡಕಟ್ಟುಗಳ ಜನ ಒಂದೇ ಸ್ವಾಹಿಲಿ ನುಡಿಯಲ್ಲಿ ಮಾತಾಡಿಕೊಂಡು ಬಾಳಲು ಈ ಗ್ರಾಮಗಳ ಶಾಲೆಗಳೂ ನೆರವಾದವು. ಬಲವಂತಕ್ಕೆ ಗುರಿಯಾದ ಊರುಗಳಲ್ಲಿಯೂ ಜನ ಶಾಲೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಎಲ್ಲಕ್ಕಿಂತ ಆಳವಾಗಿ ಉಳಿದ ಗುರುತು ಜಮೀನಿನದು. ಯಾವ ನೆಲ ಯಾರದೆಂಬ ಜಗಳ 1980ರ ದಶಕದಿಂದ ಎದ್ದಿತು. ಎಬ್ಬಿಸಲ್ಪಟ್ಟವರು ಹಳೆಯ ಜಮೀನು ಕೇಳಿದರು. ಅದನ್ನು ಹಂಚಿಕೆಯಲ್ಲಿ ಪಡೆದವರು ಬಿಡಲೊಲ್ಲರು. 1992ರ ಕಾಯಿದೆಯೊಂದು ಹಳೆಯ ಹಕ್ಕುಗಳನ್ನು ಪರಿಹಾರವಿಲ್ಲದೆ ಅಳಿಸಹೊರಟಾಗ, ರೂಢಿಯಿಂದ ಬಂದ ಜಮೀನಿನ ಹಕ್ಕೂ ಆಸ್ತಿಯೇ, ಸಂವಿಧಾನ ಅದನ್ನು ಕಾಯುತ್ತದೆ ಎಂದು 1994ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಕೊನೆಗೆ 1999ರ ಗ್ರಾಮ ಭೂಮಿ ಕಾಯಿದೆ ಬಂತು. 1970ರಿಂದ 1977ರವರೆಗಿನ ಹಂಚಿಕೆಗಳನ್ನು ಅದು ಸಿಂಧುವೆಂದು ಒಪ್ಪಿತು. ಜೊತೆಗೆ ಗ್ರಾಮದ ಎಲ್ಲೆಯೊಳಗಿನ ಭೂಮಿಯ ಆಡಳಿತವನ್ನು ಗ್ರಾಮ ಸಮಿತಿಗೂ, ಮಂಜೂರಾತಿಯ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿತು. ರೂಢಿಯ ಹಕ್ಕಿಗೆ ಕೂಡ ಬರಹದ ಪತ್ರ ಸಿಗುವಂತಾಯಿತು. ಜನರ ತಲೆಯ ಮೇಲೆ ಹೇರಿದ್ದ ಗ್ರಾಮವೇ ಇಂದು ಅವರ ನೆಲಕ್ಕೆ ಕಾವಲು.

ನೆಲದ ಮೇಲಿನ ಗುರುತುಗಳನ್ನೂ ಓದಬಹುದು. ಬಿಟ್ಟುಹೋದ ಹಳೆಯ ಮನೆನಿವೇಶನಕ್ಕೆ ಸ್ವಾಹಿಲಿಯಲ್ಲಿ 'ಮಹಾಮೆ' ಎನ್ನುತ್ತಾರೆ. ನಮ್ಮ ಕಂದಾಯ ದಾಖಲೆಯ ಬೇಚರಾಕ್ ಗ್ರಾಮದ ಹಾಗೆ. ಗೋಡೆ ಕರಗಿ ಮಣ್ಣಾದರೂ ಅಲ್ಲಿಯ ಮಾವಿನ ಮರ ಇಲ್ಲೊಂದು ಮನೆಯಿತ್ತೆಂದು ಹೇಳುತ್ತದೆ. ಶಿನ್ಯಾಂಗಾ ಸೀಮೆಯ ಸುಕುಮಾ ಜನರಲ್ಲಿ, ಬೇಸಿಗೆಯ ಮೇವಿಗೆಂದು ಬೇಲಿ ಕಟ್ಟಿ ಕಾಯ್ದಿಡುವ 'ಎನ್ಗಿಟಿಲಿ' ಎಂಬ ಹುಲ್ಲುಗಾವಲುಗಳಿದ್ದವು. ಮನೆಗಳು ಕದಲಿದಾಗ ಕಾಯುವವರಿಲ್ಲದೆ ಅವು ಬೋಳಾದವು. 1986ರಲ್ಲಿ ಆರಂಭವಾದ ಮಣ್ಣು ಸಂರಕ್ಷಣೆಯ ಕಾರ್ಯಕ್ರಮ ಹೊಸ ವಿಧಾನವನ್ನು ಹೇರದೆ ಅದೇ ಹಳೆಯ ರೂಢಿಯನ್ನು ಜನರ ಕೈಗೆ ಮರಳಿಸಿತು. ಇಪ್ಪತ್ತು ವರ್ಷಗಳೊಳಗೆ 3 ಲಕ್ಷ ಹೆಕ್ಟೇರಿಗೂ ಮಿಕ್ಕಿ ನೆಲ ಮತ್ತೆ ಹಸಿರಾಯಿತು. ಕಿಲಿಮಂಜಾರೋದ ಶಿಂಬ್ವೆ ಜುವು ಎಂಬ ಹಳ್ಳಿಯ ಕಿಹಂಬಾ ತೋಟಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಉಳಿಸಿಕೊಳ್ಳಬೇಕಾದ ಕೃಷಿ ಪರಂಪರೆಯೆಂದು ಗುರುತಿಸಿದೆ.

ನಮ್ಮ ವಿಚಾರ

ಕೂಡಿ ಬಾಳಬೇಕೆಂಬ ಮಾತಿನಲ್ಲಿ ದೋಷವಿಲ್ಲ. ನಾವೂ ಕೂಡಿಯೇ ಗೊಬ್ಬರ ತರಿಸುತ್ತೇವೆ, ಕೂಡಿಯೇ ಮಾಲು ಮಾರುತ್ತೇವೆ. ಚಾಗ್ಗಾ ಜನರ ನೀರಿನ ತೋಡು, ಲಿಟೋವಾದ ಗಿರಣಿ, ಮೋಶಿಯ ಒಕ್ಕೂಟ ಇವೆಲ್ಲವೂ ಕೂಡಿ ಮಾಡಿದ ಕೆಲಸಗಳೇ, ಮೂರೂ ನಡೆದವು. ಮೂರರಲ್ಲೂ ತನ್ನ ತೋಟ, ತನ್ನ ಬೆವರು, ತನ್ನ ಮತ ಎಂಬುದು ಸದಸ್ಯನ ಕೈಯಲ್ಲೇ ಇತ್ತು. ರಸ್ತೆ ಬದಿಯ ಸಾಲುಮನೆಗಳಲ್ಲಿ ಆ ಮೂರೂ ಅವನ ಕೈತಪ್ಪಿದ್ದವು. ಆದ್ದರಿಂದಲೇ ಸಾಮೂಹಿಕ ಹೊಲ ಹಾಜರಿಯ ಹೊಲವಾಯಿತು.

ಸಂಘವನ್ನು ಮೇಲಿನಿಂದ ಮುಚ್ಚಿಸಲು ಒಂದು ಆಜ್ಞೆ ಸಾಕು. ಸದಸ್ಯರೇ ಕೆಳಗಿನಿಂದ ಮುಚ್ಚಿಸಬೇಕೆಂದರೆ ಅಷ್ಟೂ ಬೇಡ, ಸರ್ವಸದಸ್ಯರ ಸಭೆಗೆ ಬಾರದೆ ಮನೆಯಲ್ಲಿ ಕುಳಿತರೆ ಸಾಕು. ಲಿಟೋವಾದವರಿಗೆ ಸಭೆ ಸೇರುವ ಅವಕಾಶವನ್ನು ಕಿತ್ತುಕೊಂಡರು. ನಮಗೆ ಅದು ವರ್ಷವರ್ಷವೂ ಅಂಚೆಯಲ್ಲಿ ಮನೆ ಬಾಗಿಲಿಗೆ ಬರುತ್ತದೆ. ತೋಟದ ಕೆಲಸ ಎಷ್ಟೇ ಇರಲಿ, ಆ ನೋಟೀಸನ್ನು ಒಡೆದು ಓದಿ, ಲೆಕ್ಕಪತ್ರವನ್ನು ತಿರುವಿ ಹಾಕಿ, ಕೇಳಬೇಕಾದ್ದನ್ನು ಸಭೆಯಲ್ಲಿ ಕೇಳೋಣ. ಮರಕ್ಕೂ ಸಂಘಕ್ಕೂ ನೋಡುವವರು ಹತ್ತಿರ ಇರಬೇಕು.